ಒಂದಕ್ಷರ ಕಡಿಮೆ

ಮೇ ತಿಂಗಳ ಎರಡನೇ ಶನಿವಾರ. ವರ್ಮಾಂಟಿನ
ಗುಡ್ಡದ ಬೆನ್ನಿಗಿನ್ನೂ ಒಂದು ತೇಪೆ ಹಿಮ.
ಎರ್ಸೀಲಿಯಾ ಚಿಕ್ಕಮ್ಮ ಬೂಟು ಕಳಚಿ
ಬರಿಗಾಲಲ್ಲಿ ತೋಟಕ್ಕಿಳಿದು
ಹಿಡಿಮಣ್ಣೆತ್ತಿ ಉಂಡೆ ಕಟ್ಟುತ್ತಾಳೆ,
ಹೆಬ್ಬೆರಳಲ್ಲಿ ಒತ್ತುತ್ತಾಳೆ.
ಒಡೆಯದಿದ್ದರೆ ಕಾಯಬೇಕು.
ನಿನ್ನೆ ಒಡೆಯಲಿಲ್ಲ. ಮೊನ್ನೆಯೂ.
ಇವತ್ತು ಬಿರುಕು ಬಿಟ್ಟಿತು, ಒಳಗೊಂದು ಎರೆಹುಳು
ನಿದ್ದೆಗೆಟ್ಟು ಮೈಮುರಿಯಿತು.
"ಹದ ಬಂತು. ಹೊರಡಿಸು."

ಹದಿನೆಂಟು ಕುದುರೆಗಳ ಪುಟ್ಟ ಟ್ರ್ಯಾಕ್ಟರು.
ಐದಾದರೂ ಇಷ್ಟರಲ್ಲಿ ಮುಪ್ಪಾಗಿ ಸತ್ತಿರಬೇಕು;
ಚೋಕ್ ಎಳೆದು, ಬೈದು, ಬೇಡಿಕೊಂಡ ಮೇಲೆ
ಉಳಿದವು ಕೆಮ್ಮುತ್ತ ಎದ್ದವು.
ಹಿಂದಕ್ಕೆ ಡಿಸ್ಕ್ ಹ್ಯಾರೋ: ಎರಡು ಸಾಲು, ಸಾಲಿಗೆಂಟು ತಟ್ಟೆ,
ಉಂಡು ತೊಳೆಯದೆ ಬಿಟ್ಟ ಪಂಕ್ತಿ.

ಹೋದ ಅಕ್ಟೋಬರಿನಲ್ಲಿ ನೇಗಿಲು ಮಗುಚಿದ ಹುಲ್ಲುನೆಲ,
ಬೇರಿಗೆ ಬೇರು ಹೆಣೆದ ಕಂಬಳಿ.
ಹಗುರ ಹ್ಯಾರೋ ಅದರ ಮೇಲೆ ಕುಣಿಯುತ್ತದೆ,
ಕಚ್ಚುವುದಿಲ್ಲ.
ಕಚ್ಚಲು ಭಾರ ಬೇಕು.
ಅದಕ್ಕೇ ಆ ಕಲ್ಲು.

ಒರೆಸ್ತೆ ಮಾವ ಗ್ರಾನೈಟ್ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷ ಸತ್ತವರ ಹೆಸರು ಕೆತ್ತಿದ.
ಇಂಗ್ಲಿಷು ಓದಲು ಬಾರದು; ಅಕ್ಷರವೆಂದರೆ ಅವನಿಗೆ
ಬಳ್ಳಿ, ಎಲೆ, ಮೊಗ್ಗು. ನೋಡಿ ನೋಡಿ ಕೆತ್ತುವುದು.
ತಪ್ಪಿದ್ದು ಒಂದೇ ಸಲ.
ವಿಟ್‌ಕಂಬ್ ಮನೆತನದ ಹಿರಿಯನ ಹೆಸರಲ್ಲಿ
ಬಾಯಿಗೆ ಬಾರದ, ಬರೆಯಲೇಬೇಕಾದ ಒಂದಕ್ಷರ
ಉಳಿಯ ತುದಿಯಿಂದ ಜಾರಿತು.
ಕರೆದರೆ ಏನೂ ವ್ಯತ್ಯಾಸವಿಲ್ಲ.
ಆದರೆ ಕಲ್ಲನ್ನು ಯಾರು ಕರೆಯುತ್ತಾರೆ?
ಮಾಲೀಕ ಹದಿನೈದು ದಿನದ ಕೂಲಿ ಮುರಿದುಕೊಂಡು
ಕಲ್ಲನ್ನು ಅವನಿಗೇ ಹೊರಿಸಿದ.
ಅವನು ಹ್ಯಾರೋ ಮೇಲೆ ಅದನ್ನು ಹೇರಿ, ಸರಪಳಿ ಬಿಗಿದು,
ಬೆಳಗಿಂದ ಕತ್ತಲವರೆಗೆ ತೋಟ ಸುತ್ತಿದನಂತೆ,
ಯಾರೊಂದಿಗೂ ಮಾತಿಲ್ಲದೆ.
ಆ ವರ್ಷದ ಬೀನ್ಸು ಇಷ್ಟುದ್ದ ಎಂದು
ಚಿಕ್ಕಮ್ಮ ಕೈಯಗಲಿಸುತ್ತಾಳೆ. ನಾನು ನಂಬಿಲ್ಲ.

ಹೀಗೆ, ಎಂದೂ ಹುಟ್ಟದ, ಅದಕ್ಕೇ ಸಾಯಲೂ ಬಾರದ
ಒಬ್ಬ ಮನುಷ್ಯ ವರ್ಷಕ್ಕೊಂದು ದಿನ
ನಮ್ಮಲ್ಲಿಗೆ ಆಳಾಗಿ ಬರುತ್ತಾನೆ.
ತಿರುಗಿ ನೋಡಿದರೆ ಅಂಗಾತ ಮಲಗಿರುತ್ತಾನೆ,
ಹೊಟ್ಟೆಯ ಮೇಲೆ ಸರಪಳಿ, ಮುಖಕ್ಕೆ ಧೂಳು.
ಎರಡು ಇಸವಿಗಳ ನಡುವಿನ ಗೀಟಿನ ಮೇಲೆ
ಜೀರುಂಡೆಯೊಂದರ ಸವಾರಿ.

ಮೊದಲ ಸುತ್ತು ತಟ್ಟೆಗಳು ನೆಟ್ಟಗೆ. ಬರೀ ಗೀರು.
ಇಳಿದು, ಪಿನ್ನು ಕಿತ್ತು, ಸಾಲು ಓರೆಮಾಡಿ, ಮತ್ತೆ.
ಈಗ ಮುಂದಿನದು ಮಣ್ಣನ್ನು ಹೊರಗಟ್ಟುತ್ತದೆ,
ಹಿಂದಿನದು ಮನೆಗೆ ಕರೆತರುತ್ತದೆ,
ಇವರ ಜಗಳದಲ್ಲಿ ಹೆಂಟೆ ಪುಡಿ.
ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮೂಲೆಯಿಂದ ಮೂಲೆಗೊಮ್ಮೆ.
ಠಣ್! ಚಳಿಗಾಲ ಇಲ್ಲಿ ಕಲ್ಲು ಹೆರುತ್ತದೆ,
ಆರಿಸಿದಷ್ಟೂ ಮುಂದಿನ ವಸಂತಕ್ಕೆ ಹೊಸ ಸಂತಾನ.
ಹಿಂದೆ ಹಿಂದೆಯೇ ರಾಬಿನ್ ಹಕ್ಕಿಗಳು,
ಕೆಂಪೆದೆಯ ಮೇಸ್ತ್ರಿಗಳು, ತಪ್ಪು ಹುಡುಕುತ್ತ.

ನಾಲ್ಕನೇ ಸುತ್ತಿಗೆ ಸರಪಳಿ ಕಡಿಯಿತು.
ಕಲ್ಲು ಜಾರಿ, ಮೆತ್ತನೆ ಮಣ್ಣಲ್ಲಿ
ಮುಖವಡಿಯಾಗಿ ಬಿತ್ತು.
ಹಾರೆ ತಂದೆವು. ನಾನೊಂದು ಕಡೆ, ಚಿಕ್ಕಮ್ಮ ಒಂದು ಕಡೆ,
ಉಸಿರು ಬಿಗಿಹಿಡಿದು ಎತ್ತಿ ಮಗುಚಿದರೆ
ಕೆಳಗೆ, ಹದವಾದ ಕಪ್ಪಿನಲ್ಲಿ,
ಉಬ್ಬಕ್ಷರದಲ್ಲಿ, ಬಲದಿಂದ ಎಡಕ್ಕೆ,
ಅವನ ಹೆಸರು.

ಅವಳು ಮಂಡಿಯೂರಿದಳು. ಬಹಳ ಹೊತ್ತು ನೋಡಿದಳು.
ಆಮೇಲೆ ಎರಡಕ್ಷರಗಳ ಇಕ್ಕಟ್ಟಿನಲ್ಲಿ
ಚಿಟಿಕೆ ಮಣ್ಣಿಂದ ಎರಡು ಕಂಬ ನಿಲ್ಲಿಸಿ
ನಡುವೆ ಒಂದು ಅಡ್ಡಪಟ್ಟಿ ಇಟ್ಟಳು:
ಒಂದೇ ಮೆಟ್ಟಿಲಿನ ಏಣಿ.
ತಿರುವುಮುರುವಾದರೂ ಹಾಗೇ ಕಾಣುವ ಅಕ್ಷರ.
ಅಣ್ಣನಿಗೆ ಹೇಳಿದಳೋ, ಆ ಹಿರಿಯನಿಗೋ,
ಇಟಾಲಿಯನ್ನಿನಲ್ಲಿ ಏನೋ ಎಂದಳು,
ನನಗೆ ಅರ್ಧವೇ ತಿಳಿಯಿತು.

ಸರಪಳಿಗೆ ತಂತಿ ಸುತ್ತಿ ಮತ್ತೆ ಬಿಗಿದೆವು.
ನಾನು ಆ ಜಾಗ ಬಳಸಿ ಹೋಗಲು ಸ್ಟೀರಿಂಗ್ ತಿರುಗಿಸಿದೆ.
"ನೆಟ್ಟಗೆ ಹೊಡಿ," ಎಂದಳು ಬೂಟು ಹಾಕಿಕೊಳ್ಳುತ್ತ,
"ಅಲ್ಲೇ ಬಟಾಣಿ ಹಾಕಬೇಕು."