ಒಂಬತ್ತನೆಯ ‘ಆದ್ದರಿಂದ’

ಬ್ರಾಗಾದ ಗಂಟೆಗಳಿಗೆ ಮಧ್ಯಾಹ್ನದ ಬಗ್ಗೆ
ಎಂದೂ ಒಮ್ಮತವಿಲ್ಲ.
ಒಂದು ಇಗರ್ಜಿ ಹನ್ನೆರಡೆಂದರೆ
ಇನ್ನೊಂದು ಕೆಮ್ಮಿ, ತಡೆದು, ಆಮೇಲೆ ಹೌದೆನ್ನುತ್ತದೆ.
ಕಿಟಕಿಯ ಬಳಿ ಲಿಯೊನಿಲ್ದೆ ಬೆರಳು ಮಡಚುತ್ತಾಳೆ:
ಐದರಲ್ಲಿ ಮೂರು ಬಾರಿಸಿದವು, ನನಗೆ ಸಾಕು, ಊಟಕ್ಕೆ ಏಳು.

ನಮ್ಮ ನೆಲಮಾಳಿಗೆಯಲ್ಲೂ ಐದು ಯಂತ್ರ.
ಎರಡು ಸತ್ತರೂ ಉಳಿದ ಮೂರು
ಒಂದೇ ಮಾತಾಡಬೇಕು. ಆಸ್ಪತ್ರೆಯ ರಕ್ತದ ಲೆಕ್ಕ ಅದು,
ಎರಡು ನಾಲಿಗೆ ನಡೆಯದು.

ಮೂರು ವಾರ ಕುರುಡನಂತೆ ಕೊಂದೆ.
ಇದರ ತಂತಿ ಕಿತ್ತೆ, ಅದರ ಗಡಿಯಾರ ತಿರುಚಿದೆ,
ರಾತ್ರಿಯಿಡೀ ದಾಳ ಉರುಳಿಸಿ
ಹತ್ತು ಲಕ್ಷ ಸಲ ಬೀಳಿಸಿದೆ, ಎಬ್ಬಿಸಿದೆ.
ಬೆಳಗಾದರೆ ಪರದೆ ತುಂಬ ಹಸಿರು.
ಆ ಹಸಿರು ಕಂಡರೆ ಹೊಟ್ಟೆ ತೊಳಸುತ್ತಿತ್ತು.

“ಕತ್ತಲಲ್ಲಿ ಕಲ್ಲು ಬೀರಿ, ಕಿತ್ತಳೆ ಬೀಳಲಿಲ್ಲವೆಂದು
ಮರ ಬರಿದು ಅನ್ನುತ್ತೀಯಾ, ತೊಮೆ?”
ಅಂದವಳು ಚೀಲದಿಂದ ಚೌಕಳಿ ಪುಸ್ತಕ ತೆಗೆದಳು,
ನೇರಳೆ ಶಾಯಿಯಲ್ಲಿ ನಲವತ್ತು ಪುಟದ ಸಾಧನೆ.
“ಇದನ್ನು ನಂಬಬೇಡ. ನಕ್ಷೆಯಂತೆ ಓದು.
ಎಲ್ಲಿ ‘ಆದ್ದರಿಂದ’ ಅಂದಿದ್ದೇನೋ
ಅಲ್ಲಿ ನನ್ನ ಭಾರವೆಲ್ಲ ಒಂದೇ ಕಾಲ ಮೇಲಿದೆ.
ಆ ಕಾಲಿಗೇ ಒದೆ.”

ಒದ್ದೆ. ಮೊದಲನೆಯದು ಅಲುಗಲಿಲ್ಲ.
ನಾಲ್ಕನೆಯದು ಎರಡು ದಿನ ತಿಂದಿತು, ಗಟ್ಟಿಕುಳ.
ಏಳರಲ್ಲಿ ಸಿಕ್ಕಿದ್ದು ಒಂದು ಕಾಗುಣಿತದ ತಪ್ಪು, ಅಷ್ಟೆ.
ಒಂಬತ್ತನೆಯದು ಹೀಗಿತ್ತು:
‘ಕೊಟ್ಟ ಮತವನ್ನು ಯಾರೂ ಮರೆಯರು;
ಆದ್ದರಿಂದ ಒಂದೇ ಸುತ್ತಿನಲ್ಲಿ ಇಬ್ಬರು ಗೆಲ್ಲರು.’

ಮರೆಯರು.
ಎಷ್ಟು ಸಣ್ಣ ಪದ.
‘ಬರೆದೆ’ ಎಂದು ಯಂತ್ರ ಹೇಳುವುದಕ್ಕೂ
ಡಿಸ್ಕಿನ ಮೇಲೆ ಅಕ್ಷರ ನಿಜಕ್ಕೂ ಇಳಿಯುವುದಕ್ಕೂ ನಡುವೆ
ಕೂದಲೆಳೆಯ ಸಂದು. ಅಲ್ಲಿ, ಸರಿಯಾಗಿ ಅಲ್ಲೇ,
ಮೂರನೆಯ ಯಂತ್ರದ ಕರೆಂಟು ತೆಗೆದೆ.

ಎದ್ದಿತು. ನಿದ್ದೆ ತಿಳಿದ ಮಗುವಿನಂತೆ
ಎದುರಾಳಿಗೂ ‘ಹೌದು’ ಅಂದಿತು.
ಇಬ್ಬರು ನಾಯಕರು. ಒಂದೇ ಚೀಲ ರಕ್ತ
ಇಬ್ಬರು ರೋಗಿಗಳ ಹೆಸರಿಗೆ.
ಪರದೆ ಕೆಂಪಾಯಿತು; ಕುರ್ಚಿ ಒದ್ದು ಎದ್ದು ಕುಣಿದೆ,
ಆಮೇಲೆ, ಆ ಎರಡು ಹೆಸರು ಓದಿ,
ಕುಣಿದದ್ದಕ್ಕೆ ನಾಚಿದೆ.

ಲಿಯೊನಿಲ್ದೆ ಬಹಳ ಹೊತ್ತು ನೋಡಿದಳು.
“ಸಾಧನೆ ತಪ್ಪಿಲ್ಲ,” ಅಂದಳು, ಯಾರೂ ಕೇಳದಿದ್ದರೂ.
ಮತ್ತೆ ಪೆನ್ಸಿಲು ಹುಡುಕಿ, ‘ಮರೆಯರು’ ಪಕ್ಕದಲ್ಲಿ
ಅಂಚಿಗೆ ಒತ್ತಿ ಬರೆದಳು:
‘ಬರೆದದ್ದು ಇಳಿಯುವ ತನಕ ಬಾಯಿ ಬಿಡದಿದ್ದರೆ.’

ಹೊರಗೆ ಒಂದು ಗಂಟೆ ಬಾರಿಸಿತು. ಇನ್ನೊಂದು.
ಇಬ್ಬರೂ ಹಸಿದಿದ್ದೆವು.
ಮೂರನೆಯದಕ್ಕೆ ಕಾದೆವು.