ಕೊನೆಯ ಏಳು ನಿಮಿಷ

ಪಡುವಣ ಕಾನ್ಸಾಸಿನಲ್ಲಿ, ಗೋಧಿ ಕಣಜದ ನೆರಳು
ಸಂಜೆ ಐದಕ್ಕೆ ಬಂದು ತಾಕುವ ನಮ್ಮ ಟಾಕೀಸಿಗೆ
ಈ ವಾರವೂ ಬಂದದ್ದು ಅದೇ ಜಾತಿಯ ಚಿತ್ರ:
ಗಳ ಊರಿ ಎತ್ತರ ಜಿಗಿಯುವ ಹುಡುಗ,
ಅವನೊಡನೆ ಮಾತು ಬಿಟ್ಟ ಅಪ್ಪ,
ಆಸ್ಪತ್ರೆಯಲ್ಲಿ ಬೈಬಲ್ಲನ್ನು ಎದೆಗೊತ್ತಿಕೊಂಡ ತಾಯಿ.
ಅರ್ಧ ಗಂಟೆಗೇ ತಿಳಿದುಬಿಡುತ್ತದೆ, ಹುಡುಗ ಗೆಲ್ಲುತ್ತಾನೆ.
ತಿಳಿದೇ ಬರುತ್ತಾರೆ ಜನ,
ನವೆಂಬರಿನ ಹಬ್ಬದೂಟಕ್ಕೆ ಹೋಗುವಾಗ
ಕೊನೆಯಲ್ಲಿ ಕುಂಬಳದ ಪೈ ಇದೆಯೆಂದು ತಿಳಿದಿರುವ ಹಾಗೆ.

ಬುಧವಾರ ಬ್ಯಾಪ್ಟಿಸ್ಟರ ಬಸ್ಸು. ನಲವತ್ತೊಂದು ತಲೆ,
ಪಾಸ್ಟರ್ ವೆಂಡೆಲ್ ಕುರಿ ಎಣಿಸುವಂತೆ ಎಣಿಸಿ ಒಳಬಿಟ್ಟರು.
ಆರ್ಡಿತ್ ಕ್ರೋಕರ್ ಮನೆಯಿಂದಲೇ ತಂದಿದ್ದಳು
ಇಸ್ತ್ರಿ ಮಾಡಿದ ಮೂರು ಕರವಸ್ತ್ರ:
"ನಿನ್ನ ಕಾಗದದ ಚೂರು ಮೂಗು ಕೆರೆಯುತ್ತದೆ ಕಣೇ."
ಮೂರೂ ಒದ್ದೆ ಮಾಡಿಕೊಂಡು ಹೊರಬಂದು
"ಚೆನ್ನಾಗಿತ್ತು, ಗಂಡಸರೂ ಅತ್ತರು" ಎಂದಳು,
ಹೊಲಕ್ಕೆ ಹದವಾಗಿ ಬಿತ್ತು ಮಳೆ ಎನ್ನುವ ದನಿಯಲ್ಲಿ.

ವಿಚಿಟಾದಿಂದ ಬಂದ ತಂಗಿಯ ಮಗಳು ಡೆನಿಸ್ ಓದಿದವಳು.
"ಸಕ್ಕರೆ ಜಾಸ್ತಿ ಆಂಟಿ" ಅಂದಳು, "ಗೆದ್ದವನ ಬೆನ್ನಿಗೆ ದೇವರು ನಿಂತರೆ
ಎರಡನೆಯ ಸ್ಥಾನದ ಹುಡುಗನ ಅಮ್ಮ
ಪ್ರಾರ್ಥನೆಯಲ್ಲಿ ಯಾವ ಪದ ತಪ್ಪಿ ಹೇಳಿದ್ದಳು?"
ನನಗೆ ಉತ್ತರ ಹೊಳೆಯಲಿಲ್ಲ.
ಪಾಪ್‌ಕಾರ್ನಿಗೆ ಬೆಣ್ಣೆ ಹೆಚ್ಚು ಸುರಿದು ಕೊಟ್ಟೆ.
ಅವಳೂ ಕಣ್ಣು ಕೆಂಪಗೆ ಮಾಡಿಕೊಂಡೇ ಬಂದಳು;
ಕೇಳಿದರೆ, ಬೆಣ್ಣೆಯ ಕೈ ತಾಗಿತಂತೆ.

ಮತ್ತೆ ಅವರು, ವರ್ಲಿನ್ ಸ್ಟಕಿ.
ಪ್ರೌಢಶಾಲೆಯ ಹಳೆಯ ಕೋಚು. ಕಡೆಯ ಸಾಲು, ದಾರಿ ಬದಿಯ ಕುರ್ಚಿ,
ಮಂಗಳವಾರದಿಂದ ಪ್ರತಿ ರಾತ್ರಿ, ಸರಿಯಾದ ಚಿಲ್ಲರೆ ಕೊಟ್ಟು.
ಹುಡುಗ ಕೊನೆಯ ಸಲ ಗಳ ಎತ್ತಿಕೊಂಡು ಓಡತೊಡಗಿದೊಡನೆ
ಎದ್ದು ಹೊರಗೆ ಬರುತ್ತಾರೆ. ಇನ್ನೂ ಏಳು ನಿಮಿಷ ಉಳಿದಿರುತ್ತದೆ.
ಬಾಗಿಲಾಚೆ ಚಪ್ಪಾಳೆ ಎದ್ದಾಗ
ಟೋಪಿ ಕೈಯಲ್ಲಿ ಹಿಡಿದು ನೀರಿನ ನಲ್ಲಿಯ ಪಕ್ಕ ನಿಂತಿರುತ್ತಾರೆ.

ಊರಿಗೆಲ್ಲ ಗೊತ್ತು ಲೈಲನ ಸಂಗತಿ.
ಇಪ್ಪತ್ತಾರು ವರ್ಷದ ಹಿಂದೆ, ರಾಜ್ಯ ಪಂದ್ಯದ ದಿನ,
ಹಾಸಿನ ಆಚೆ ಬಿದ್ದ ಮಗ.
ಹತ್ತೊಂಬತ್ತು ರಾತ್ರಿ ಶಾಲೆಯ ಜಿಮ್ಮಿನಲ್ಲಿ ಕೈಗೆ ಕೈ ಹಿಡಿದು ನಿಂತೆವು,
ಕ್ಯಾಥೊಲಿಕರು, ಮೆನೊನೈಟರು,
ಎಂದೂ ಚರ್ಚಿನ ಮೆಟ್ಟಿಲು ಹತ್ತದ ನನ್ನ ಗಂಡ ಕೂಡ.
ಇಪ್ಪತ್ತನೆಯ ದಿನ ಆ ದೀಪಗಳನ್ನು ಆರಿಸಿದವಳು ನಾನು.
ಅದನ್ನು ಯಾರೂ ಚಿತ್ರ ಮಾಡಲಿಲ್ಲ.

ಶನಿವಾರ ರಾತ್ರಿ ಗುಡಿಸಲು ನಿಂತಿದ್ದೆ. ಕೇಳಿಯೇಬಿಟ್ಟೆ:
ಕೊನೆ ನೋಡದವರು ಯಾಕೆ ದಿನಾ ಬರುತ್ತೀರಿ?
ಮಾತಾಡದೆ ನನ್ನ ಕೈಯಿಂದ ಪೊರಕೆ ತೆಗೆದುಕೊಂಡರು.
ಉದ್ದನೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು,
"ಆ ಹುಡುಗನ ಮೇಲಿನ ಕೈ ನೋಡು. ಒಂದು ಗೇಣು ಜಾಸ್ತಿ ಮೇಲಿದೆ.
ಯಾರೋ ಹೇಳಿಕೊಟ್ಟಿದ್ದಾರೆ ಅವನಿಗೆ,
ಇನ್ನೂ ಮೇಲೆ ಹಿಡಿ, ಇನ್ನೂ ಎತ್ತರ ಸಿಗುತ್ತದೆ ಅಂತ."
ಕೈಯನ್ನು ಒಂದು ಗೇಣು ಕೆಳಗಿಳಿಸಿದರು.
"ಇಲ್ಲಿ. ಇಲ್ಲಿರಬೇಕಿತ್ತು."
ತುಸು ಹೊತ್ತು ಹಾಗೇ ನಿಂತು, ಪೊರಕೆ ಹಿಂತಿರುಗಿಸಿ ಕೇಳಿದರು:
"ಹಾರುತ್ತಾನಾ?"
ಒಳಗೆ ಚಪ್ಪಾಳೆ. ನಾನು ಹೂಂ ಅಂದೆನೋ ಇಲ್ಲವೋ.

ಭಾನುವಾರ ಕಡೆಯ ಆಟ. ಅವರು ಬರಲಿಲ್ಲ.
ಅವರ ಕುರ್ಚಿಯಲ್ಲಿ ನಾನು ಕೂತೆ.
ಹುಡುಗ ಓಡಿದ, ಗಳ ಬಿಲ್ಲಿನಂತೆ ಬಾಗಿತು,
ತಾಯಿ ಹಾಸಿಗೆಯಲ್ಲಿ ಕಣ್ಣು ತೆರೆದಳು, ಅಪ್ಪ ಮೊಣಕಾಲೂರಿದ,
ಊರಿಗೆ ಊರೇ ಎದ್ದು ನಿಂತಿತು ಕತ್ತಲಲ್ಲಿ.
ನಾನೂ ಎದ್ದೆ, ಹದಿನಾಲ್ಕನೆಯ ಸಲ.
ಕಂಡದ್ದು ಮೇಲಿನ ಕೈ ಒಂದೇ.
ಇಳಿಸು ಮಗನೇ, ಎಂದಿತು ನನ್ನ ಬಾಯಿ,
ಪಕ್ಕದ ಆರ್ಡಿತ್ ಅದನ್ನು ಪ್ರಾರ್ಥನೆ ಎಂದುಕೊಂಡು
ಆಮೆನ್ ಅಂದಳು.