ಮೂರು ಗಾಳ

ಬಲೆ ಸರಿಸಿ, ಟಾರ್ಪಾಲು ಎತ್ತಿ,
ಒಡೆದ ಐಸ್ ಪೆಟ್ಟಿಗೆಯೊಂದನ್ನು ಕಾಲಲ್ಲಿ ದೂಡಿ
ಫಿಲೋಮಿನಾ ಬಾಯಿ ಅಂದರು: "ಇದೇ ನೋಡು. ಮಾರುವುದಿಲ್ಲ.
ಆಡುವುದಾದರೆ ಎಂಟಾಣೆ."
ಎಂಟಾಣೆ ಈಗ ಯಾರ ಹತ್ತಿರ ಇದೆ?
ಅವರೇ ಕೊಟ್ಟರು, ಉಪ್ಪಿನಕಾಯಿ ಭರಣಿಯಿಂದ ತೆಗೆದು.
ಪಾಸ್ಕು ಹೋದ ಮೇಲೂ ಭರಣಿ ಹಾಗೇ ಇದೆಯಂತೆ.

ಸ್ವಿಚ್ಚು ಹಾಕಿದರೆ ಮೊದಲು ಬಿಸಿ ಧೂಳಿನ ವಾಸನೆ.
ಆಮೇಲೆ ಸದ್ದು. ದಪ್. ದಪ್.
ಬೈತಖೋಲ್ ಧಕ್ಕೆಗೆ ಖಾಲಿ ದೋಣಿ ತಾಗಿದ ಹಾಗೆ.
ಆಮೇಲೆ ಗೆರೆ, ಬರೀ ಗೆರೆಯಲ್ಲಿ ಮಾಡಿದ ಆಕಾಶ:
ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಬಂಡೆಗಳು,
ನಡುವೆ ಒಂದು ತ್ರಿಕೋನ, ಅದು ನಾನು.

ಇಷ್ಟೇ ಇತ್ತಾ?

ಎಂಬತ್ತೈದರಲ್ಲಿ ಇಷ್ಟೇ ಇರಲಿಲ್ಲ.
ಪಾಸ್ಕುವಿನ ಸೋಡಾ ಅಂಗಡಿಯ ಹಿಂದೆ
ಗೋಣಿ ಕಟ್ಟಿ ಮಾಡಿದ ಕತ್ತಲು,
ಬಂಗಡೆ ನಾತದ ಅಂಗಿಗಳು ಏಳು.
ಒಬ್ಬ ಆಡುವುದು, ಆರು ಮಂದಿ ಹೇಳಿಕೊಡುವುದು.
ಎಂಟಾಣೆಗೆ ಮೂರು ಜೀವ;
ಹೇಳಿಕೊಟ್ಟವರೇ ಹೆಚ್ಚು ಸಲ ಸತ್ತರು.

ಖೇಮು ಹರಿಕಂತ್ರ ಅರ್ಗಾದಿಂದ ಸೈಕಲ್ಲಲ್ಲಿ ಬರುತ್ತಿದ್ದ.
ದೊಡ್ಡ ಬಂಡೆ ಒಡೆದರೆ ಎರಡು, ಎರಡು ಒಡೆದರೆ ನಾಲ್ಕು,
ಸಣ್ಣದಾದಷ್ಟೂ ಓಟ ಜಾಸ್ತಿ.
"ದೊಡ್ಡದನ್ನು ಬಿಡು ಮಾರಾಯ, ಅದು ಪಾಪದ್ದು," ಅನ್ನುತ್ತಿದ್ದ.
ಎಡಕ್ಕೊಂದು ಬಟನ್ ಇತ್ತು. ಒತ್ತಿದರೆ ತ್ರಿಕೋನ ಮಾಯ.
ಮತ್ತೆ ಎಲ್ಲಿ ಮೂಡುತ್ತದೋ ಯಂತ್ರಕ್ಕೇ ಗೊತ್ತು,
ಕೆಲವು ಸಲ ಬಂಡೆಯ ಬಾಯಿಗೇ.
ಖೇಮು ಅದನ್ನು ಮುಟ್ಟಿದವನಲ್ಲ.
ಇದ್ದಲ್ಲೇ ಇದ್ದು, ಸುತ್ತ ತಿರುಗಿ ಹೊಡೆಯುತ್ತಿದ್ದ.

ಗೆದ್ದವನಿಗೆ ಮೂರು ಅಕ್ಷರ.
ಇಂಗ್ಲಿಷು ನಮ್ಮಲ್ಲಿ ಐದನೇ ಕ್ಲಾಸಿಗೆ ಬಂದು ಅಲ್ಲೇ ಕೂತಿತ್ತು.
ಅವನು ಆರಿಸಿದ್ದು ಜೆ, ಜೆ, ಜೆ.
"ಗಾಳದ ಹಾಗಿದೆ," ಅಂದ.
ಎಲ್ಲರ ಹೆಸರಿನ ಮೇಲೆ ಸಾಲಾಗಿ ಮೂರು ಗಾಳ.
ಕರೆಂಟು ಹೋಯಿತೆಂದರೆ ಅಳಿಸಿತು.
ಮಳೆಗಾಲದಲ್ಲಿ ಪಾಪ, ಅವನು ದಿನಾ ಗೆಲ್ಲಬೇಕಾಗುತ್ತಿತ್ತು.

ಆಮೇಲೆ ನೌಕಾನೆಲೆಗೆ ಜಾಗ ಬೇಕಾಯಿತು.
ಗುಡ್ಡಕ್ಕೆ ಮದ್ದಿಟ್ಟರು. ಎರಡಾಗಿ, ನಾಲ್ಕಾಗಿ,
ಲಾರಿ ಹತ್ತಿ ಹೋಗಿ ಕಡಲಿಗೆ ಬಿತ್ತು ಗುಡ್ಡ.
ಖೇಮುವಿನ ಮನೆಗೆ ಒಂದು ನಂಬರು ಸಿಕ್ಕಿತು,
ಕಡಲು ಕಾಣದ ಕಾಲನಿಯಲ್ಲಿ.
ಆಮೇಲೆ ವಾಸ್ಕೋದಲ್ಲಿದ್ದಾನೆ ಅಂದರು ಯಾರೋ,
ರತ್ನಾಗಿರಿಯ ಟ್ರಾಲರಿನಲ್ಲಿ ಕಂಡೆ ಅಂದರು ಇನ್ಯಾರೋ.

ಈ ಪರದೆಯಲ್ಲಿ ಬಲಕ್ಕೆ ದಾಟಿದವ ಎಡದಿಂದ ಬರುತ್ತಾನೆ,
ಮೇಲೆ ಹೋದವ ಕೆಳಗಿನಿಂದ.
ಆಗ ಇದು ನಮಗೆ ವಿಶೇಷ ಅನ್ನಿಸಿರಲೇ ಇಲ್ಲ.

ಇವತ್ತು ಮೊದಲ ಜೀವ ಕನ್ನಡಕ ಹುಡುಕುವಷ್ಟರಲ್ಲಿ ಹೋಯಿತು.
ಎರಡನೆಯದು ಮಾತಿನಲ್ಲಿ.
ಮೂರನೆಯದಕ್ಕೆ ದಪ್ ದಪ್ ಜೋರಾಗಿ,
ಸುತ್ತ ಬರೀ ಸಣ್ಣವೇ ಮುತ್ತಿಕೊಂಡಾಗ
ಎಡಗಡೆ ಬಟನ್ ಒತ್ತಿಬಿಟ್ಟೆ.
ಮೂಡಿದ್ದು ಬಂಡೆಯ ಬಾಯಿಗೇ.

ಆದರೂ ಯಂತ್ರ ಹೆಸರು ಕೇಳಿತು.
ಈಗಷ್ಟೇ ಎದ್ದದ್ದು, ಅದಕ್ಕೆ ಯಾವ ಅಂಕವಾದರೂ ದೊಡ್ಡದೇ.
ಎ ಇಂದ ಜೆಗೆ ಒಂಬತ್ತು ಒತ್ತು.
ಎರಡು ಗಾಳ ಹಾಕಿದ್ದೆ,
ಹೊರಗೆ ಐಸ್ ಲಾರಿಯ ಹಾರನ್ನು.
"ಬಂದ್ ಮಾಡ್ಲಾ?" ಬಾಯಿಯ ಕೈ ಸ್ವಿಚ್ಚಿನ ಮೇಲಿತ್ತು.

ಸ್ವಲ್ಪ ತಡೀರಿ, ಅಂದೆ.